ಎಣ್ಣೆಯಿಲ್ಲದ ಚಾರ್ಟು

ಅಕ್ಕೋರ ಎದುರು ‘ಸ್ಟೇಬಲ್’ ಎಂಬ ಮಾತು ಬಾಯಿತಪ್ಪಿ ಆಡಿದಿರೋ, ಮುಗಿಯಿತು. ಒಮ್ಮೆ ಲ್ಯಾಬಿನ ಹುಡುಗನೊಬ್ಬ ತಂಗಿಗೆ ಗಂಡು ಗೊತ್ತಾಯಿತೆಂದು ಪೇಡೆಯ ಡಬ್ಬಿ ಹಿಡಿದು ಬಂದ. ವರನದು ಸ್ಟೇಬಲ್ ನೌಕರಿ ಎಂದು ಹಿಗ್ಗಿನಿಂದ ಹೇಳಿದ. ಇವರು ಮೈಕ್ರೋಸ್ಕೋಪಿನಿಂದ ಕಣ್ಣೆತ್ತದೆ, “ಎಷ್ಟು ಡಿಗ್ರಿಯೊಳಗ? ಎಷ್ಟು ಒತ್ತಡದೊಳಗ? ಅದನ್ನ ಹೇಳದ ಸ್ಟೇಬಲ್ ಅನಬಾರದಪಾ” ಎಂದರು. ಹುಡುಗ ತೆಲುಗಿನವನು, ಕನ್ನಡ ಅರ್ಥವಾಗದೆ ನನ್ನ ಮುಖ ನೋಡಿದ. ನಾನು ಏನೂ ಇಲ್ಲ, ಆಶೀರ್ವಾದ ಮಾಡುತ್ತಿದ್ದಾರೆ ಎಂದೆ. ಪೇಡೆ ಮಾತ್ರ ಅಕ್ಕೋರು ಎರಡು ತೆಗೆದುಕೊಂಡರು.

ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. “ವರದಿಯೊಳಗ ಮನಷ್ಯಾನ ಹೆಸರು ದೊಡ್ಡದಾದ್ರ ಹರಳು ಸಣ್ಣದಾಗ್ತೈತಿ” ಎನ್ನುತ್ತಿದ್ದವರು ಅವರು. ಗಡಿಯಾಚೆಯ ತೆಲುಗು ನಾಡಿನಲ್ಲಿ, ಬಾಲಾನಗರದ ಔಷಧ ಕಾರ್ಖಾನೆಯೊಂದರಲ್ಲಿ ಹರಳುಗಳನ್ನು ಪರೀಕ್ಷಿಸುವ ಎರಡು ಕೋಣೆಯ ಲ್ಯಾಬಿಗೆ ಮುಖ್ಯಸ್ಥೆ. ಊರು ಬೀದರ. ಕಾರ್ಖಾನೆಗೆಲ್ಲ ಅವರು ಮೇಡಂ. ಕನ್ನಡದ ಕಡೆಯಿಂದ ಹೋದ ನಾವು ಮೂರ್ನಾಲ್ಕು ಜನ ಮಾತ್ರ ಅಕ್ಕೋರು ಅನ್ನುತ್ತಿದ್ದೆವು. ನಮ್ಮ ಕಡೆ ಸಾಲಿ ಕಲಿಸುವ ಹೆಂಗಸರನ್ನು ಹಾಗೆ ಕರೆಯುವುದು. ಕಲಬುರಗಿಯಿಂದ ಎಂ.ಎಸ್ಸಿ. ಮುಗಿಸಿ ಹೋದ ನನ್ನ ಬಾಯಿಂದ ಮೊದಲ ದಿನವೇ ಗಾಬರಿಯಲ್ಲಿ ಅದು ಬಂದುಬಿಟ್ಟಿತು. ಅವರು ತಿರುಗಿ ನೋಡಿ, “ಎಲ್ಲ್ಯಾಂವೋ ನೀ? ಮೊದಲ ಆ ಚಪ್ಲಿ ಹೊರಗ ಬಿಡು” ಎಂದರು.

ಚಪ್ಪಲಿಯದೊಂದು ದೊಡ್ಡ ಪುರಾಣ. ಲ್ಯಾಬಿನ ಬಾಗಿಲಲ್ಲಿ ಹೊರಗಿನ ಚಪ್ಪಲಿ ಬಿಟ್ಟು ಒಳಗಿನದು ಮೆಟ್ಟಬೇಕು. ಹೊರಗೆ ಹೋಗುವಾಗ ಪ್ಯಾಂಟಿನ ಅಂಚು, ಸೀರೆಯ ನೆರಿಗೆ ಕೊಡವಬೇಕು. ಬೇಡದ ಜಾತಿಯ ಹರಳಿನ ಒಂದು ಕಣ ಅಂಟಿಕೊಂಡು ಪ್ಲಾಂಟಿಗೆ ಹೋದರೆ ಅಲ್ಲಿನ ಟ್ಯಾಂಕಿನಲ್ಲಿರುವುದೆಲ್ಲ ಅದರಂತೆಯೇ ಹರಳುಗಟ್ಟಬಹುದು. ಒಂದು ದಿನ ಡೈರೆಕ್ಟರ್ ಸಾಹೇಬರೇ ವಿದೇಶದ ಅತಿಥಿಗಳೊಂದಿಗೆ ಬಂದು ಹೊರಟಾಗ, ಈಕೆ ಹಿಂದಿನಿಂದ ಕೂಗಿ ನಿಲ್ಲಿಸಿ ಪ್ಯಾಂಟು ಕೊಡವಲು ಹೇಳಿದರು. ಅತಿಥಿಗಳು ಇದು ಈ ದೇಶದ ಸಂಪ್ರದಾಯವೆಂದು ತಿಳಿದರೋ ಏನೋ, ಅವರೂ ಬಗ್ಗಿ ಕೊಡವಿಕೊಂಡರು.

ಹರಳಿಗೆಂಥ ಜಾತಿ ಎಂದು ನನಗೂ ಮೊದಲು ತಿಳಿದಿರಲಿಲ್ಲ. ಒಂದು ಭಾನುವಾರ ಕೂಕಟ್‌ಪಲ್ಲಿಯ ತಮ್ಮ ಮನೆಗೆ ಕರೆದು, ಎರಡು ಬಟ್ಟಲಲ್ಲಿ ತುಪ್ಪ ಇಟ್ಟು ನೆಕ್ಕಲು ಹೇಳಿದರು. ಒಂದು ಮರಳಿನ ಹಾಗೆ ಹರಳು ಹರಳು, ಇನ್ನೊಂದು ಬೆಣ್ಣೆಯ ಹಾಗೆ ನುಣುಪು. “ಎರಡೂ ಒಂದ ಎಮ್ಮಿದು, ಒಂದ ಬೋಗೋಣಿದು. ಒಂದನ್ನ ಗೂಡಿನ್ಯಾಗ ತಣ್ಣಗಾಗಾಕ ಬಿಟ್ಟೆ, ಒಂದನ್ನ ಫ್ರಿಜ್ಜಿನ್ಯಾಗ ಇಟ್ಟೆ. ಒಳಗಿನ ಮಂದಿ ಅವರ, ಕುಂತ ರೀತಿ ಬ್ಯಾರೆ” ಎಂದರು. ಔಷಧವೂ ಹಾಗೆಯೇ. ಅಣು ಒಂದೇ, ಅವು ಸಾಲುಗಟ್ಟಿ ಕೂತ ರೀತಿ ಬೇರೆಯಾದರೆ ಹರಳಿನ ರೂಪ ಬೇರೆ, ಹೊಟ್ಟೆಯಲ್ಲಿ ಕರಗುವ ವೇಗ ಬೇರೆ. ಯಾವ ರೂಪ ಎಷ್ಟು ಬಿಸಿಯಲ್ಲಿ, ಎಷ್ಟು ಒತ್ತಡದಲ್ಲಿ ನೆಮ್ಮದಿಯಾಗಿರುತ್ತದೆ, ಯಾವ ಗೆರೆ ದಾಟಿದರೆ ಇನ್ನೊಂದಾಗುತ್ತದೆ ಎಂಬುದರ ನಕ್ಷೆ ಬರೆಯುವುದೇ ಅಕ್ಕೋರ ಬದುಕಾಗಿತ್ತು. ಮದುವೆಯಾಗಿರಲಿಲ್ಲ. ಯಾರಾದರೂ ಕೇಳಿದರೆ, “ನಂದು ಗೆರಿ ದಾಟೋ ಬಿಸಿ ಬರಲಿಲ್ಲ” ಎಂದು ನಗುತ್ತಿದ್ದರು.

ಆ ನಕ್ಷೆಯ ಹುಚ್ಚು ಅವರನ್ನು ಎಲ್ಲಿಗೆ ಹೋದರೂ ಬಿಡುತ್ತಿರಲಿಲ್ಲ. ಸಹೋದ್ಯೋಗಿಯೊಬ್ಬಳ ಮದುವೆಯಲ್ಲಿ, ಹುಡುಗಿಯ ಮೂಗುಬೊಟ್ಟಿನ ವಜ್ರವನ್ನು ಹತ್ತಿರದಿಂದ ನೋಡಿ, “ಲೆಕ್ಕದ ಪ್ರಕಾರ ಇದು ಇಲ್ಲಿ ವಜ್ರ ಆಗಿ ಇರಬಾರದು, ಪೆನ್ಸಿಲ್ಲಿನ ಕಡ್ಡಿ ಆಗಬೇಕು” ಎಂದು ಹಿಂದಿಯಲ್ಲಿ ಹೇಳಿಬಿಟ್ಟರು. ಭೂಮಿಯ ಆಳದ ಒತ್ತಡದಲ್ಲಿ ಹುಟ್ಟಿದ್ದು ಮೇಲೆ ಬಂದ ಮೇಲೂ ಸೋಮಾರಿಯಂತೆ ಹಾಗೇ ಕೂತಿದೆ ಎಂಬುದು ಅವರ ಆಶ್ಚರ್ಯ. ಬೀಗರ ಕಡೆಯವರಿಗೆ ಕೇಳಿಸಿದ್ದೇ ತಡ, ವಜ್ರ ಖೋಟಾ ಎಂದು ಗುಲ್ಲೆದ್ದಿತು. ಅಂಗಡಿಯವನನ್ನು ಕರೆಸಿ, ರಸೀದಿ ತೋರಿಸಿ, ಊಟ ಬಡಿಸುವ ಹೊತ್ತಿಗೆ ಮೂರು ಗಂಟೆ. ಅಕ್ಕೋರು ಮಾತ್ರ ಬರುವಾಗ ಆಟೋದಲ್ಲಿ, “ನಾ ಹೇಳಿದ್ದೇನು ಸುಳ್ಳ?” ಎಂದು ನನ್ನನ್ನೇ ಜಗಳಕ್ಕೆ ಎಳೆದರು.

ಭಾನುವಾರ ಕೋಠಿಯ ಫುಟ್‌ಪಾತಿನಲ್ಲಿ ಹಳೆ ಪುಸ್ತಕ ಕೆದಕುವುದು ಅವರ ಇನ್ನೊಂದು ಚಟ. ಎಪ್ಪತ್ತು ವರ್ಷ ಹಳೆಯ, ಹಾಳೆ ಉದುರುವ ರಸಾಯನಶಾಸ್ತ್ರದ ಪುಸ್ತಕ ಹಿಡಿದು, “ಇಸ್ಕು ಮೇರೆ ಸಿವಾ ಕೌನ್ ಲೇತಾ ಮಿಯಾಂ?” ಎಂದು ಚೌಕಾಸಿ ಮಾಡುತ್ತಿದ್ದರು. ನನ್ನ ಹೊರತು ಯಾರು ಕೊಳ್ಳುತ್ತಾರೆ ಎಂಬುದು ಅವರ ವಾದ. ಅಂಗಡಿಯ ಮುದುಕನಿಗೂ ಅದು ನಿಜವೆಂದು ಗೊತ್ತಿತ್ತು. ಅಕ್ಕಪಕ್ಕದಲ್ಲೆಲ್ಲ ಕಂಪ್ಯೂಟರಿನ ದಪ್ಪ ಪುಸ್ತಕಗಳು, ಅವಕ್ಕೆ ಮುಗಿಬಿದ್ದ ಹುಡುಗರು.

ಆ ಹುಡುಗರಲ್ಲಿ ನಾನೂ ಒಬ್ಬ ಎಂಬುದನ್ನು ಅವರಿಂದ ಮುಚ್ಚಿಟ್ಟಿದ್ದೆ. ಹೈಟೆಕ್ ಸಿಟಿಯ ಗಾಜಿನ ಕಟ್ಟಡಗಳು ಎದ್ದ ಹೊಸತು. ನಮ್ಮ ಕೋಣೆಯಲ್ಲಿ ಐದು ಜನ ಇದ್ದೆವು; ಸಿವಿಲ್ ಓದಿದವನು, ಬಾಟನಿ ಓದಿದವನು, ಎಲ್ಲರೂ ಸಂಜೆಯಾದರೆ ಅಮೀರ್‌ಪೇಟೆಯಲ್ಲಿ ಕಂಪ್ಯೂಟರ್ ಕ್ಲಾಸಿಗೆ. ನಾನೂ ಸೇರಿದೆ. ಆರು ಗಂಟೆಗೆ ಕ್ಲಾಸು. ಐದು ನಿಮಿಷ ತಡವಾದರೆ ಕಿಟಕಿಯಾಚೆ ನಿಂತು ಕೇಳಬೇಕು. ಐದಾದರೆ ಸಾಕು, ನನ್ನ ಕಾಲು ಬಸ್‌ಸ್ಟಾಪಿನ ಕಡೆಗೆ ಎಳೆಯುತ್ತಿತ್ತು. “ಹರಳಿಗೆ ನಿನ್ನ ಗಡಿಯಾರ ಗೊತ್ತಿಲ್ಲೋ” ಎಂದು ಅಕ್ಕೋರು ಎಷ್ಟು ಸಲ ಅಂದಿದ್ದರೋ.

ಆಗ ನಾವು ಆಮ್ಲಪಿತ್ತದ ಒಂದು ಮಾತ್ರೆಯ ಪುಡಿ ತಯಾರಿಸುತ್ತಿದ್ದೆವು. ಅದಕ್ಕೆ ಎರಡು ರೂಪ. ಒಂದನೆಯದು ಬೇಗ ಕರಗುತ್ತದೆ, ಅದೇ ಬೇಕು. ಎರಡನೆಯದು ಕಂಡರೆ ಇಡೀ ಬ್ಯಾಚು ತಿಪ್ಪೆಗೆ. ಡ್ರೈಯರಿನಲ್ಲಿ ಒಣಗಿಸುವಾಗ ಬಿಸಿ ಹೆಚ್ಚಾದರೆ ಒಂದನೆಯದು ಎರಡನೆಯದಾಗಿಬಿಡುತ್ತದೆ. ಆ ಡ್ರೈಯರ್ ನೋಡಿಕೊಳ್ಳುತ್ತಿದ್ದವನು ಶರಣಪ್ಪ. ಚಿಂಚೋಳಿ ಕಡೆಯವನು, ನನಗಿಂತ ಹತ್ತು ವರ್ಷ ದೊಡ್ಡವನು. ಕಟ್ಟಡದ ಕೂಲಿಗೆಂದು ಬಂದವನು ಕಂಟ್ರಾಕ್ಟಿನ ಮೇಲೆ ಕಾರ್ಖಾನೆ ಸೇರಿ, ಡ್ರೈಯರಿನ ಗುಂಡಿಗಳನ್ನು ಅಕ್ಷರ ಕಲಿತಷ್ಟು ಶ್ರದ್ಧೆಯಿಂದ ಕಲಿತಿದ್ದ.

ರೂಪ ಯಾವುದೆಂದು ಹೇಳುವುದು ನನ್ನ ಯಂತ್ರ. ಪುಡಿಯ ಮೂಲಕ ಕಣ್ಣಿಗೆ ಕಾಣದ ಕಿರಣ ಹಾಯಿಸಿದರೆ ಅದು ಕಾಗದದ ಮೇಲೆ ಏರಿಳಿವ ಗೆರೆ ಎಳೆಯುತ್ತದೆ. ಪ್ರತಿ ವಸ್ತುವಿಗೂ, ಅದರ ಪ್ರತಿ ರೂಪಕ್ಕೂ ಅದರದೇ ಪೀಕುಗಳು, ಗೆರೆಯ ಏರುಗಳು. ಯಂತ್ರದೊಳಗೆ ಇಡಲು ಪುಡಿಯನ್ನು ಎರಡು ಬಗೆಯಲ್ಲಿ ಸಿದ್ಧಮಾಡಬಹುದು. ಪ್ಯಾರಾಫಿನ್ ಎಣ್ಣೆಯಲ್ಲಿ ಮೆತ್ತಗೆ ಕಲಸಿ ಎರಡು ಉಪ್ಪಿನ ಬಿಲ್ಲೆಗಳ ನಡುವೆ ಸವರುವುದು ಒಂದು. ಬೇರೊಂದು ಉಪ್ಪಿನ ಜೊತೆ ಅರೆದು, ಪ್ರೆಸ್ಸಿನಲ್ಲಿ ಹತ್ತು ಟನ್ ಒತ್ತಿ ಗಾಜಿನಂಥ ಬಿಲ್ಲೆ ಮಾಡುವುದು ಇನ್ನೊಂದು. ಎಣ್ಣೆಯದು ಜಿಡ್ಡಿನ ಕೆಲಸ, ಒರೆಸಿ ತೊಳೆಯಲು ಅರ್ಧ ಗಂಟೆ. ಈ ಔಷಧಕ್ಕೆ ಎಣ್ಣೆಯೇ ಆಗಬೇಕೆಂದು ಅಕ್ಕೋರ ಕಟ್ಟಪ್ಪಣೆ ಇತ್ತು. ಯಾಕೆಂದು ನಾನು ಕೇಳಿರಲಿಲ್ಲ. ಅವರ ನೂರೆಂಟು ಮಡಿಗಳಲ್ಲಿ ಇದೂ ಒಂದು ಅಂದುಕೊಂಡಿದ್ದೆ.

ಆ ದಿನ ಶರಣಪ್ಪನ ಬ್ಯಾಚಿನ ಸ್ಯಾಂಪಲ್ ನನ್ನ ಕೈಗೆ ಬಂದಾಗ ನಾಲ್ಕೂ ಮುಕ್ಕಾಲು. ಕ್ಲಾಸಿನಲ್ಲಿ ಅಂದು ಪರೀಕ್ಷೆ. ಎಣ್ಣೆಯ ಶೀಶೆ ನೋಡಿದೆ, ಗಡಿಯಾರ ನೋಡಿದೆ. ಪ್ರೆಸ್ಸಿಗೆ ಹಾಕಿ ಒತ್ತಿದೆ, ಚಾರ್ಟು ತೆಗೆದೆ. ನೋಟ್‌ಬುಕ್ಕಿನಲ್ಲಿ ಮಾತ್ರ ‘ಎಣ್ಣೆಯಲ್ಲಿ ಕಲಸಿದ್ದು’ ಎಂದು ಬರೆದೆ. ಗೆರೆಯಲ್ಲಿ ಎರಡನೇ ರೂಪದ ಪೀಕು ಎದ್ದು ಕಾಣುತ್ತಿತ್ತು. ಅಕ್ಕೋರು ನೋಡಿ, ಮುಖ ಸಣ್ಣದು ಮಾಡಿ, ‘ಪರಿಶೀಲಿಸಲಾಗಿದೆ’ ಎಂಬಲ್ಲಿ ಸಹಿ ಹಾಕಿದರು. ನಾನು ಬಸ್ಸು ಹಿಡಿದೆ.

ಮರುದಿನ ಬರುವಷ್ಟರಲ್ಲಿ ಶರಣಪ್ಪನನ್ನು ಮನೆಗೆ ಕಳಿಸಿದ್ದರು. ಊಟವಾದ ಮೇಲೆ ನಿದ್ದೆ ಹೋಗಿದ್ದಾನೆ, ಡ್ರೈಯರ್ ಕಾದಿದೆ, ಎಂದು ತೀರ್ಮಾನ. ಡ್ರೈಯರಿನ ಬಿಸಿ ದಾಖಲಿಸುವ ಕಾಗದದಲ್ಲಿ ಗೆರೆ ಒಂದಿಷ್ಟೂ ಏರಿರಲಿಲ್ಲ. ಗೆರೆ ಎಳೆಯುವ ಪೆನ್ನು ಏರದಂತೆ ಕಟ್ಟಿ ಮಲಗಿ ಮೋಸ ಮಾಡಿದ್ದಾನೆ ಎಂದರು. ಹೊರದೇಶದ ಇನ್‌ಸ್ಪೆಕ್ಟರುಗಳು ಬರುವ ತಿಂಗಳು ಬೇರೆ. ಯಾರದೋ ತಲೆ ಉರುಳಬೇಕಿತ್ತು, ಹಗುರವಾದದ್ದು ಉರುಳಿತು. ನನಗೆ ಅನುಮಾನ ಬರಲಿಲ್ಲವೇ? ಬಂತು. ಬಂದ ಅನುಮಾನವನ್ನು ಒಳಗೇ ಕೂರಿಸಿಕೊಂಡು ದಿನಾ ಆರಕ್ಕೆ ಕ್ಲಾಸಿಗೆ ಹೋದೆ.

ಅಕ್ಕೋರಿಗೆ ಆ ಏರದ ಗೆರೆ ಮುಳ್ಳಾಗಿ ಚುಚ್ಚುತ್ತಿತ್ತು. ಹತ್ತನೇ ದಿನ ಮಧ್ಯಾಹ್ನ, ತೆಗೆದಿಟ್ಟಿದ್ದ ಸ್ಯಾಂಪಲ್ ಬಿಚ್ಚಿ, ತಾವೇ ಎಣ್ಣೆಯಲ್ಲಿ ಕಲಸಿ ನೋಡಿದರು. ಅಚ್ಚುಕಟ್ಟಾದ ಒಂದನೇ ರೂಪ. ಅದೇ ಪುಡಿಯನ್ನು ಪ್ರೆಸ್ಸಿನಲ್ಲಿ ಒತ್ತಿ ನೋಡಿದರು. ಎರಡನೆಯದು. ಆಮೇಲೆ ನನ್ನ ಚಾರ್ಟು ತರಿಸಿ ಮೇಜಿನ ಮೇಲೆ ಹಾಸಿ, ನನ್ನನ್ನು ಕರೆದರು. ಬೆರಳು ಚಾರ್ಟಿನ ಎಡತುದಿಯಲ್ಲಿತ್ತು.

“ಎಣ್ಣಿ ಎಲ್ಲೈತಿ?”

ಪ್ಯಾರಾಫಿನ್ನಿಗೂ ತನ್ನದೇ ಪೀಕುಗಳಿವೆ. ಎಣ್ಣೆಯಲ್ಲಿ ಕಲಸಿದ ಯಾವ ಚಾರ್ಟಿನಲ್ಲೂ ಅಲ್ಲಿ ಅವು ಕೋಟೆಯಷ್ಟು ದೊಡ್ಡದಾಗಿ ಕಾಣಬೇಕು. ನನ್ನ ಚಾರ್ಟಿನಲ್ಲಿ ಆ ಜಾಗ ಬಟಾಬಯಲು. ಸುಳ್ಳು ಬರೆಯುವ ಬುದ್ಧಿವಂತನಿಗೆ ಅದೊಂದು ಹೊಳೆದಿರಲಿಲ್ಲ.

ಬಯ್ಯುತ್ತಾರೆ ಅಂದುಕೊಂಡೆ. ಬಯ್ಯಲಿಲ್ಲ. ಕಾಗದದ ಹಿಂದೆ ಎರಡು ಗೆರೆ ಎಳೆದರು, ಅಡ್ಡಕ್ಕೆ ಬಿಸಿ, ಮೇಲಕ್ಕೆ ಒತ್ತಡ. ನಡುವೆ ಎಡದಿಂದ ಬಲಕ್ಕೆ ಇಳಿಯುವ ಒಂದು ಓರೆಗೆರೆ. ಅದರ ಕೆಳಗೆ ಒಂದು ಚುಕ್ಕೆ ಇಟ್ಟರು. “ಇದು ನಮ್ಮ ಪುಡಿ. ಹಿಂಗ ಬಲಕ್ಕ ಹೋದ್ರ ಬಿಸಿಗೆ ಗೆರಿ ದಾಟ್ತೈತಿ. ಹಿಂಗ ಮ್ಯಾಲಕ್ಕ ಹೋದ್ರ ಒತ್ತಡಕ್ಕ ದಾಟ್ತೈತಿ. ಊರು ಒಂದ, ದಾರಿ ಎರಡು. ಶರಣಪ್ಪ ಬಲಕ್ಕ ಹೋಗಿಲ್ಲ. ನೀ ಮ್ಯಾಲಕ್ಕ ಹೋಗೀದಿ.”

ಏನಾದರೂ ಕೇಳಬೇಕಲ್ಲ ಎಂದು ನಾನು, “ಒತ್ತಡ ತಗದ್ರ ತಿರುಗಿ ಮೊದಲಿನಂಗ ಆಗಂಗಿಲ್ಲೇನ್ರಿ ಅಕ್ಕೋರ?” ಎಂದೆ.

“ಆಗಬೇಕು. ಎಷ್ಟು ದಿನಕ್ಕ ಅನ್ನೂದು ಮಾತ್ರ ಈ ನಕ್ಷಿ ಹೇಳಂಗಿಲ್ಲ” ಎಂದರು. ಕಾಗದ ತಿರುವಿ ತಮ್ಮ ಸಹಿಯ ಮೇಲೆ ಬೆರಳಿಟ್ಟರು. ಆಮೇಲೆ ಅಂದರು: “ನಾಳೆ ಹತ್ತಕ್ಕ ಮೀಟಿಂಗ್ ಐತಿ. ನೀ ಮೊದಲ ಎದ್ರ ನಾ ಕುಂತಿರ್ತೀನಿ. ನೀ ಏಳಲಿಲ್ಲಂದ್ರ ನಾ ಏಳ್ತೀನಿ. ಹೋಗು, ಕ್ಲಾಸಿಗೆ ಹೊತ್ತಾತು.” ಕ್ಲಾಸಿನ ಸುದ್ದಿ ಅವರಿಗೆ ಯಾವಾಗಿನಿಂದ ಗೊತ್ತಿತ್ತೋ ದೇವರಿಗೇ ಗೊತ್ತು. ಅಂದು ನಾನು ಕ್ಲಾಸಿಗೆ ಹೋಗಲಿಲ್ಲ, ಆಮೇಲೂ ಹೋಗಲಿಲ್ಲ.

ಮೀಟಿಂಗಿನಲ್ಲಿ ಆರು ಜನ. ನಾನು ಬಾಗಿಲ ಪಕ್ಕದ ಕುರ್ಚಿಯಲ್ಲಿದ್ದೆ. ಅಕ್ಕೋರು ಒಮ್ಮೆ ನನ್ನ ಕಡೆ ನೋಡಿದರು. ಇನ್ನೊಮ್ಮೆ ನೋಡಿದರು. ಚಹಾ ಬಂತು, ಲೋಟ ಖಾಲಿಯಾದವು. ನಾನು ಖಾಲಿ ಲೋಟ ಹಿಡಿದು ಕೂತೇ ಇದ್ದೆ. ಅಕ್ಕೋರು ಎದ್ದರು. “ಆ ಚಾರ್ಟು ತಪ್ಪು. ಪರಿಶೀಲಿಸಿದ ಸಹಿ ನನ್ನದು. ಎಣ್ಣೆಯ ಪೀಕು ಇಲ್ಲದ್ದನ್ನು ನಾನು ನೋಡಲಿಲ್ಲ. ಡ್ರೈಯರ್ ಮನುಷ್ಯನದು ತಪ್ಪಿಲ್ಲ, ಇವತ್ತೇ ಅವನನ್ನು ಕರೆಸಬೇಕು” ಎಂದರು, ಇಂಗ್ಲಿಷಿನಲ್ಲಿ, ಪಾಠ ಓದಿದಂತೆ.

ಕ್ವಾಲಿಟಿ ಮ್ಯಾನೇಜರ್ ತಲೆ ಹಿಡಿದುಕೊಂಡು, “ಇಪ್ಪುಡು ಇದಂತಾ ಎಂದುಕು ಮೇಡಂ?” ಎಂದ. ಇನ್‌ಸ್ಪೆಕ್ಟರುಗಳು ಬರುವ ಹೊತ್ತಿನಲ್ಲಿ ಇದೆಲ್ಲ ಈಗ ಯಾಕೆ ಎಂದು ಅವನ ಸಂಕಟ. ಆಮೇಲೆ, ಟೆಸ್ಟ್ ಮಾಡಿದ್ದು ಯಾರು ಎಂದು ಕೇಳಿದ. ಅಕ್ಕೋರು, “ಕಾಗದದ ಮೇಲಿದೆ, ಓದಿಕೊಳ್ಳಿ” ಎಂದು ಕೂತರು. ಅವನು ನನ್ನ ಹೆಸರು ಓದಿದ ಮೇಲೆ ನಾನು ಎದ್ದೆ. ಹೆಸರು ಕರೆದ ಮೇಲೆ ಏಳುವುದನ್ನು ಒಪ್ಪಿಕೊಳ್ಳುವುದು ಅನ್ನುವುದಿಲ್ಲ, ಹಾಜರಿ ಕೊಡುವುದು ಅನ್ನುತ್ತಾರೆ.

ನನಗೆ ನೋಟೀಸು ಕೊಟ್ಟು ಆರು ತಿಂಗಳು ಯಂತ್ರ ಮುಟ್ಟಬಾರದೆಂದರು. ಅಕ್ಕೋರ ಸಹಿಯ ಅಧಿಕಾರವನ್ನೇ ಕಿತ್ತುಕೊಂಡರು. ನಿವೃತ್ತಿಗೆ ಒಂಬತ್ತು ತಿಂಗಳಿತ್ತು. ಆ ಒಂಬತ್ತು ತಿಂಗಳು ಅವರು ಮಾಡಿದ ಕೆಲಸಕ್ಕೆಲ್ಲ ಅವರ ಶಿಷ್ಯರು ಸಹಿ ಹಾಕಿದರು. ಬೀಳ್ಕೊಡುವ ದಿನ ಶಾಲು ಹೊದಿಸಿ, ನೆನಪಿನ ಪುಸ್ತಕ ಮುಂದಿಟ್ಟು ಸಹಿ ಕೇಳಿದಾಗ, “ಅಯ್ಯ, ನಂಗ ಸಹಿ ಮಾಡೋ ಅಧಿಕಾರ ಇಲ್ಲಲ್ರೀ” ಎಂದು ಪೆನ್ನು ಮುಚ್ಚಿಟ್ಟರು. ಎಲ್ಲರೂ ನಕ್ಕರು. ಮೀಟಿಂಗಾದ ಹೊಸತರಲ್ಲಿ ನಾನು ಅವರನ್ನು ದ್ವೇಷಿಸುತ್ತಿದ್ದೆ. ಯಾಕೆ ಮುಚ್ಚಿಡಬೇಕು, ಎರಡು ತಿಂಗಳು ಅವರ ಜೊತೆ ಮಾತು ಬಿಟ್ಟಿದ್ದೆ. ಅವರು ಮಾತ್ರ ದಿನಾ, “ಬಾರೋ, ಉಪ್ಪಿನ ಬಿಲ್ಲಿ ಒರಸು ಬಾ” ಎಂದು ಏನೂ ಆಗಿಲ್ಲದವರ ಹಾಗೆ ಕರೆಯುತ್ತಿದ್ದರು. ಒರೆಸಿ ಒರೆಸಿಯೇ ನನ್ನ ಸಿಟ್ಟು ಸವೆಯಿತು. ಮರುವರ್ಷ ನಾನು ಬೇರೆ ಕಂಪನಿ ಸೇರಿದೆ, ಇದೇ ಕೆಲಸಕ್ಕೆ. ಈಗ ಪರಿಶೀಲಿಸುವ ಸಹಿ ನನ್ನದು.

ಕಳೆದ ತಿಂಗಳು ಅಕ್ಕೋರು ತೀರಿಕೊಂಡರು. ಅವರ ತಂಗಿಯ ಮಗಳು ಫೋನು ಮಾಡಿದಳು. ಮೆಟ್ರೋ ಇಳಿದು ಕೂಕಟ್‌ಪಲ್ಲಿಯ ಮನೆಗೆ ಹೋದರೆ, ಮೆಟ್ಟಿಲ ಮೇಲೆ ನರೆತ ತಲೆಯ ಒಬ್ಬ ಕೂತಿದ್ದ. ನನಗೆ ಗುರುತು ಹತ್ತಲಿಲ್ಲ. ಅವನೇ ಎದ್ದು ನನ್ನ ಎರಡೂ ಕೈ ಹಿಡಿದುಕೊಂಡ. ಶರಣಪ್ಪ.

“ಸಾಹೇಬ್ರ, ನಿಮ್ಮ ಉಪಕಾರ ನಾ ಮರತಿಲ್ರಿ. ಮೀಟಿಂಗಿನ್ಯಾಗ ನೀವ ಎದ್ದು ನಿಂತು, ತಪ್ಪು ನಂದು, ಶರಣಪ್ಪಂದಲ್ಲ ಅಂದ್ರಂತ. ಅಕ್ಕೋರು ಹೇಳ್ಯಾರ. ನಮ್ಮ ಮಕ್ಕಳಿಗೂ ಹೇಳೀನಿ, ಅಂಥಾ ಹುಡುಗ ಇದ್ದ ಅಂತ.”

ದಶಮಾಂಶದ ಮೂರನೇ ಅಂಕಿಯನ್ನೂ ತಿದ್ದಗೊಡದ ಹೆಂಗಸು ಈ ಮನುಷ್ಯನಿಗೆ ಸುಳ್ಳು ಹೇಳಿದ್ದರು. ಕೇಳೋಣವೆಂದರೆ ಒಳಗೆ ಫೋಟೋಕ್ಕೆ ಹಾರ ಬಿದ್ದಿತ್ತು. ನಾನು ಎರಡನೇ ಸಲವೂ ಸುಮ್ಮನೆ ಇದ್ದುಬಿಡಬಹುದಿತ್ತು. ಅವನ ಕೈ ಬೆಚ್ಚಗಿತ್ತು, ಅಲ್ಲಿ ಬೇರೆ ಯಾರೂ ಇರಲಿಲ್ಲ. “ಇಲ್ಲ ಶರಣಪ್ಪಣ್ಣ, ನಾ ಏಳಲಿಲ್ಲ. ಹತ್ತು ದಿನ ಗೊತ್ತಿದ್ದೂ ಬಾಯಿ ಬಿಡಲಿಲ್ಲ. ಎದ್ದಾಕಿ ಅಕ್ಕೋರು” ಎಂದೆ.

ಅವನು ಕೈ ಬಿಟ್ಟ. ಮತ್ತೆ ಮೆಟ್ಟಿಲ ಮೇಲೆ ಕೂತ. ನಾನೂ ಕೂತೆ. ಸಿಟ್ಟಿಲ್ಲದೆ, ಯಾರದೋ ಸುದ್ದಿ ಹೇಳುವವನ ಹಾಗೆ ಮಾತಾಡಿದ.

“ಆ ಹತ್ತು ದಿನ ಎಲ್ಲಾರೂ ನನ್ನ ಕೇಳಾವ್ರರಿ, ಖರೆ ಹೇಳು, ಮಲಗಿದ್ದಿ ಹೌದಲ್ಲೋ ಅಂತ. ಕಂಟ್ರಾಕ್ಟರ್ ಕೇಳಾಂವ, ಹೇಣ್ತಿ ಕೇಳಾಕಿ, ನಮ್ಮವ್ವ ಮುಂಜಾನಿ ಸಂಜೀಕ ಕೇಳಾಕಿ. ಇಲ್ಲ ಇಲ್ಲ ಅಂದು ಅಂದು ನನಗ ನನ್ನ ಮ್ಯಾಲಿನ ನಂಬಿಕಿ ಹೋತು. ಒಂಬತ್ತನೇ ದಿನ ಅವ್ವನ ಮುಂದ, ಹೌದು, ಕಣ್ಣು ಹತ್ತಿತ್ತು ಅಂದುಬಿಟ್ಟೆ. ಕೆಲಸಕ್ಕ ತಿರುಗಿ ಕರದ ಮ್ಯಾಲೂ ಆಕಿ ನಂಬಲಿಲ್ಲ. ಅದಕ್ಕ ಅಕ್ಕೋರು ನಮ್ಮ ಜೋಪಡಿಗೆ ಬಂದ್ರು. ನೆಲದ ಮ್ಯಾಲ ಕುಂತು, ಅವ್ವನ ಕೈ ಹಿಡದು, ತಪ್ಪು ಮಾಡಿದ ಹುಡುಗ ತಾನ ಎದ್ದು ಒಪ್ಪಿಕೊಂಡಾನ ಅಂತ ಆಣಿ ಮಾಡಿ ಹೇಳಿದ್ರು.”

“ಅವಾಗರ ನಿಮ್ಮವ್ವ ನಂಬಿದ್ರೇನು?” ಎಂದೆ.

“ಎಲ್ಲೀದ್ರಿ. ನೀನ ಹೌದಂದಿದ್ದಿಯಲ್ಲೋ ಅಂತಿದ್ಳು, ಸಾಯೂತನಕ.”